ವಿಲ್ಸನ್ ರೋಗ ಮತ್ತು ಮಿದುಳಿನ ಚಿತ್ರಣ: ಒಂದು ಶೀರ್ಷಿಕೆಯ ಮರುಪರಿಶೀಲನೆ

ಲಂಡನ್ನಿನ ನರವಿಜ್ಞಾನ ಪತ್ರಿಕೆ ‘ಬ್ರೇನ್’ 1912ರಲ್ಲಿ ಇನ್ನೂರಕ್ಕೂ ಹೆಚ್ಚು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿತು. ಅದನ್ನು ಬರೆದವರು ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್. ಅಮೆರಿಕದ ನ್ಯೂಜೆರ್ಸಿಯಲ್ಲಿ 1878ರಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಪಡೆದು, ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನ್ಯಾಷನಲ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ ಆಗ ಮೂವತ್ತಮೂರು ವರ್ಷ. ಪ್ರಬಂಧದ ಶೀರ್ಷಿಕೆ ‘ಪ್ರೊಗ್ರೆಸಿವ್ ಲೆಂಟಿಕ್ಯುಲಾರ್ ಡಿಜೆನರೇಷನ್’. ಪಿತ್ತಜನಕಾಂಗದ ಸಿರೋಸಿಸ್‌ನೊಡನೆ ಕಾಣಿಸಿಕೊಳ್ಳುವ ಕೌಟುಂಬಿಕ ನರರೋಗವೆಂದು ಅದರ ಉಪಶೀರ್ಷಿಕೆ ವಿವರಿಸುತ್ತಿತ್ತು. ಕನ್ನಡದಲ್ಲಿ ಹೇಳುವುದಾದರೆ, ಬಲಿಯುತ್ತಲೇ ಹೋಗುವ, ಮಸೂರಾಕಾರದ ನರಕೇಂದ್ರದ ಅವನತಿ. ಲ್ಯಾಟಿನ್ನಿನ ‘ಲೆನ್ಸ್’ ಮತ್ತು ನಮ್ಮ ‘ಮಸೂರ’ ಎರಡೂ ಮೂಲತಃ ಒಂದೇ ಬೇಳೆಯ ಹೆಸರುಗಳು. ಪುಟಮೆನ್ ಮತ್ತು ಗ್ಲೋಬಸ್ ಪ್ಯಾಲಿಡಸ್ ಎಂಬ ಎರಡು ಭಾಗಗಳುಳ್ಳ, ಮಿದುಳಿನ ಆಳದಲ್ಲಿರುವ ಈ ಕೇಂದ್ರವೂ ಆ ಕಾಳಿನ ಆಕಾರದಿಂದಲೇ ಹೆಸರು ಪಡೆದಿದೆ.

ಈ ಶೀರ್ಷಿಕೆಯ ಮೂರು ಪದಗಳೂ ಮುಂದಿನ ನೂರು ವರ್ಷಗಳಲ್ಲಿ ಒಂದೊಂದಾಗಿ ಪರೀಕ್ಷೆಗೆ ಒಳಗಾದವು. ರಸಾಯನಶಾಸ್ತ್ರ ಮತ್ತು ತಳಿಶಾಸ್ತ್ರಗಳು ರೋಗದ ಕಾರಣವನ್ನು ತಿಳಿಸಿದವು ನಿಜ. ಆದರೆ ಮಿದುಳಿನ ಮಟ್ಟಿಗೆ ವಿಲ್ಸನ್ನರ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನಿರ್ಣಯಿಸಿದ್ದು ಜೀವಂತ ರೋಗಿಯ ತಲೆಯೊಳಗನ್ನು ತೋರಿಸಬಲ್ಲ ಚಿತ್ರಣ ವಿಧಾನಗಳು. ವಯಸ್ಕರಲ್ಲಿ ಕಂಡುಬರುವ ವಿಲ್ಸನ್ ರೋಗದ ಚಿತ್ರಣದ ಇತಿಹಾಸವನ್ನು ಈ ದೃಷ್ಟಿಯಿಂದ ನೋಡುವುದು ಉಚಿತ.

ವಿಲ್ಸನ್ ತಾವೇ ಕಂಡ ನಾಲ್ವರು ರೋಗಿಗಳ ವಿವರಗಳಿಗೆ ಹಿಂದಿನ ದಾಖಲೆಗಳಲ್ಲಿದ್ದ ಪ್ರಕರಣಗಳನ್ನು ಸೇರಿಸಿ ತಮ್ಮ ವಾದವನ್ನು ಕಟ್ಟಿದರು. ಯುವಕ ಯುವತಿಯರಲ್ಲಿ ಕೈನಡುಕ, ಮಾತಿನ ತೊದಲು, ನುಂಗಲು ಕಷ್ಟ, ಅಂಗಗಳ ಬಿಗಿತ, ಕೊನೆಗೆ ಹಾಸಿಗೆ ಹಿಡಿದು ಮರಣ. ಶವಪರೀಕ್ಷೆಯಲ್ಲಿ ಎರಡೂ ಕಡೆಯ ಮಸೂರಕೇಂದ್ರಗಳು ಮೆದುವಾಗಿ ಕೊರೆದುಹೋಗಿರುವುದು, ಪಿತ್ತಜನಕಾಂಗ ಗಂಟುಗಂಟಾಗಿರುವುದು. ಇದಕ್ಕೂ ಮೊದಲು ಜರ್ಮನಿಯಲ್ಲಿ ವೆಸ್ಟ್‌ಫಾಲ್ ಮತ್ತು ಸ್ಟ್ರುಂಪೆಲ್ ‘ಹುಸಿ ಸ್ಕ್ಲೀರೋಸಿಸ್’ ಎಂಬ ಹೆಸರಿನಲ್ಲಿ ಇಂಥ ಲಕ್ಷಣಗಳನ್ನು ವಿವರಿಸಿದ್ದರು. ಕೈಸರ್ 1902ರಲ್ಲಿ, ಫ್ಲೈಷರ್ 1903ರಲ್ಲಿ ಕಾರ್ನಿಯಾದ ಅಂಚಿನ ಹಸಿರುಮಿಶ್ರಿತ ಕಂದು ಉಂಗುರವನ್ನು ಗುರುತಿಸಿದ್ದರು. ವಿಲ್ಸನ್ನರ ಹಿರಿಮೆ ಮಿದುಳು ಮತ್ತು ಪಿತ್ತಜನಕಾಂಗಗಳನ್ನು ಒಂದೇ ರೋಗದ ಎರಡು ನೆಲೆಗಳೆಂದು ಕಂಡದ್ದರಲ್ಲಿದೆ. ಪಿತ್ತಜನಕಾಂಗದಿಂದ ಹೊರಡುವ ಯಾವುದೋ ವಿಷವಸ್ತು ಮಿದುಳನ್ನು ಕೆಡಿಸುತ್ತದೆಂದು ಅವರು ಊಹಿಸಿದರು. ವಿಷದ ಊಹೆ ಸರಿಯಾಗಿತ್ತು. ಆದರೆ ರೋಗವು ಕುಟುಂಬದಲ್ಲಿ ಕಾಣಿಸಿಕೊಂಡರೂ ಆನುವಂಶಿಕವಲ್ಲವೆಂದು ಅವರು ಭಾವಿಸಿದ್ದು ಸರಿಯಾಗಿರಲಿಲ್ಲ.

ಒಂದು ಅಂಶವನ್ನು ಇಲ್ಲಿ ಮರೆಯಬಾರದು. ಶವಪರೀಕ್ಷೆಯ ಆಧಾರದ ಮೇಲೆ ನಿಂತ ಯಾವ ಜ್ಞಾನವೂ ರೋಗದ ಕೊನೆಯ ಘಟ್ಟದ ಜ್ಞಾನ. ಸತ್ತವರ ಮಿದುಳು ಮಾತ್ರ ಮೇಜಿನ ಮೇಲೆ ಬರುತ್ತದೆ. ಬದುಕಿ ಉಳಿದವರ, ರೋಗದ ಆರಂಭದಲ್ಲಿರುವವರ, ಲಕ್ಷಣಗಳೇ ಇಲ್ಲದ ಅಣ್ಣತಮ್ಮಂದಿರ ಮಿದುಳಿನಲ್ಲಿ ಏನಿದೆಯೆಂಬುದು ವಿಲ್ಸನ್ನರಿಗಾಗಲಿ ಅವರ ನಂತರದ ಎರಡು ತಲೆಮಾರಿನ ವೈದ್ಯರಿಗಾಗಲಿ ಕಾಣುವ ಹಾಗಿರಲಿಲ್ಲ. ಮಿದುಳಿನ ಕುಹರಗಳಿಗೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆಯುವ, 1919ರಲ್ಲಿ ವಾಲ್ಟರ್ ಡ್ಯಾಂಡಿ ರೂಪಿಸಿದ ಯಾತನಾಮಯ ವಿಧಾನವೂ ಕುಹರಗಳ ಹೊರರೇಖೆಗಿಂತ ಹೆಚ್ಚೇನನ್ನೂ ತೋರಿಸುತ್ತಿರಲಿಲ್ಲ. ಆದ್ದರಿಂದ ‘ಬಲಿಯುತ್ತಲೇ ಹೋಗುವ’ ಎಂಬ ವಿಶೇಷಣವು ವೀಕ್ಷಣೆಯಿಂದ ಬಂದದ್ದಾದರೂ, ಆ ವೀಕ್ಷಣೆಯ ಪರಿಧಿಯೇ ಕಿರಿದಾಗಿತ್ತು.

ಕಾರಣದ ಶೋಧ ಬೇರೊಂದು ದಾರಿಯಲ್ಲಿ ಸಾಗಿತು. ಜಾನ್ ಕಮಿಂಗ್ಸ್ 1948ರಲ್ಲಿ ರೋಗಿಗಳ ಪಿತ್ತಜನಕಾಂಗ ಮತ್ತು ಮಿದುಳುಗಳಲ್ಲಿ ತಾಮ್ರದ ಅಧಿಕ ಸಂಚಯವನ್ನು ತೋರಿಸಿದರು. ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಈ ರೋಗಿಗಳಲ್ಲಿ ಕಡಿಮೆಯಿರುವುದನ್ನು ಷೈನ್‌ಬರ್ಗ್ ಮತ್ತು ಗಿಟ್ಲಿನ್ 1952ರಲ್ಲಿ ಕಂಡುಹಿಡಿದರು. ಮೂವತ್ತು ಕುಟುಂಬಗಳನ್ನು ಅಭ್ಯಸಿಸಿದ ಬೆರ್ನ್ 1960ರಲ್ಲಿ ಇದು ಅಪ್ರಬಲ ರೀತಿಯ ಆನುವಂಶಿಕತೆ ಎಂದು ಸ್ಥಾಪಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಮಾತ್ರ ರೋಗ. 1993ರಲ್ಲಿ ಹದಿಮೂರನೆಯ ವರ್ಣತಂತುವಿನ ಮೇಲಿರುವ ‘ಎಟಿಪಿ7ಬಿ’ ವಂಶವಾಹಿ ಪತ್ತೆಯಾಯಿತು. ಆಹಾರದಲ್ಲಿ ಬಂದ ಹೆಚ್ಚುವರಿ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕುವ ಕೆಲಸ ಈ ವಂಶವಾಹಿಯಿಂದ ರೂಪುಗೊಳ್ಳುವ ಪ್ರೋಟೀನಿನದು. ಅದು ಕೆಟ್ಟಾಗ ತಾಮ್ರ ಮೊದಲು ಪಿತ್ತಜನಕಾಂಗದಲ್ಲಿ, ಅಲ್ಲಿಂದ ಉಕ್ಕಿ ಮಿದುಳು, ಕಣ್ಣು, ಮೂತ್ರಪಿಂಡಗಳಲ್ಲಿ ಶೇಖರವಾಗುತ್ತದೆ. ತಾಮ್ರದ ಚೆಂಬಿನಲ್ಲಿಟ್ಟ ನೀರನ್ನು ಕುಡಿಯಬಾರದೆಂದು ಈ ರೋಗಿಗಳಿಗೆ ಸಲಹೆ ಕೊಡುವುದುಂಟು. ಆದರೆ ರೋಗ ಬರುವುದು ಚೆಂಬಿನಿಂದಲ್ಲ, ವಂಶವಾಹಿಯಿಂದ ಎಂಬುದು ಸ್ಪಷ್ಟವಿರಬೇಕು.

ಚಿಕಿತ್ಸೆಯ ಕಥೆ 1956ರಲ್ಲಿ ತಿರುವು ಪಡೆಯಿತು. ಪೆನಿಸಿಲಿನ್ ಪಡೆದ ರೋಗಿಗಳ ಮೂತ್ರದಲ್ಲಿ ಪೆನಿಸಿಲಮೈನ್ ಎಂಬ ಅಂಶವನ್ನು ಹಿಂದೆ ಗುರುತಿಸಿದ್ದ ಬ್ರಿಟಿಷ್ ವೈದ್ಯ ಜಾನ್ ವಾಲ್ಷ್, ಅದರ ರಚನೆ ತಾಮ್ರವನ್ನು ಹಿಡಿದುಕೊಳ್ಳಲು ತಕ್ಕುದಾಗಿದೆಯೆಂದು ಬಾಸ್ಟನ್ನಿನಲ್ಲಿದ್ದಾಗ ಊಹಿಸಿದರು. ಬಾಯಿಯ ಮೂಲಕ ಕೊಡಬಹುದಾದ ಮೊದಲ ಪರಿಣಾಮಕಾರಿ ಔಷಧ ಹೀಗೆ ದೊರೆಯಿತು. ಟ್ರಯಂಟಿನ್, ಸತು ಮುಂತಾದವು ಅನಂತರ ಬಂದವು. ಚಿತ್ರಣದ ಇತಿಹಾಸಕ್ಕೆ ಇದು ಪ್ರಸ್ತುತವಾಗುವುದು ಹೀಗೆ: ಸಿ.ಟಿ. ಯಂತ್ರ ಬರುವ ವೇಳೆಗೆ ಚಿಕಿತ್ಸೆ ಪಡೆದು ಬದುಕಿದ್ದ, ವಯಸ್ಕರಾಗಿದ್ದ ರೋಗಿಗಳ ಒಂದು ಸಮುದಾಯವೇ ಸಿದ್ಧವಾಗಿತ್ತು. ಔಷಧವಿಲ್ಲದ ಕಾಲದಲ್ಲಿ ಈ ಯಂತ್ರ ಬಂದಿದ್ದರೆ ಅದು ಶವಪರೀಕ್ಷೆಯ ಮಾತನ್ನೇ ಮತ್ತೆ ಹೇಳುತ್ತಿತ್ತು.

ಹೌನ್ಸ್‌ಫೀಲ್ಡರ ಯಂತ್ರ ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು. ಹತ್ತು ವರ್ಷಗಳ ಬಳಿಕ, 1981ರಲ್ಲಿ, ವಿಲಿಯಮ್ಸ್ ಮತ್ತು ವಾಲ್ಷ್ 60 ವಿಲ್ಸನ್ ರೋಗಿಗಳ ಸಿ.ಟಿ. ಚಿತ್ರಗಳ ವಿಶ್ಲೇಷಣೆಯನ್ನು ಅದೇ ‘ಬ್ರೇನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಸೂರಕೇಂದ್ರದ ಭಾಗದಲ್ಲಿ ಸಾಂದ್ರತೆ ಕುಂದಿದ ಕಪ್ಪು ಪ್ರದೇಶಗಳು ಕಂಡದ್ದು ಅರ್ಧಕ್ಕಿಂತ ಕಡಿಮೆ ರೋಗಿಗಳಲ್ಲಿ; ಕುಹರಗಳ ಹಿಗ್ಗುವಿಕೆ ಮತ್ತು ಮಿದುಳಿನ ಹೊರಪದರದ ಕುಗ್ಗುವಿಕೆಗಳು ಅದಕ್ಕಿಂತ ಹೆಚ್ಚು ಸಾಮಾನ್ಯವಾಗಿದ್ದವು. ‘ಲೆಂಟಿಕ್ಯುಲಾರ್’ ಎಂಬ ಪದ ಅಲ್ಲಾಡಲು ತೊಡಗಿದ್ದು ಇಲ್ಲಿ. ಚಿಕಿತ್ಸೆಯ ಮೊದಲೂ ಅನಂತರವೂ ತೆಗೆದ ಚಿತ್ರಗಳ ಹೋಲಿಕೆ ಆ ಅಧ್ಯಯನದ ಇನ್ನೊಂದು ಮುಖ. ಔಷಧದಿಂದ ಕೆಲವರ ಚಿತ್ರವೂ ಸುಧಾರಿಸುತ್ತದೆಂದು ಕಂಡಾಗ ಎರಡನೆಯ ಪ್ರಶ್ನೆ ಎದ್ದಿತು. ನಾಶವಾದ ಅಂಗಾಂಶ ಮರಳಿ ಬರಲಾರದು. ಹಾಗಾದರೆ ಚಿತ್ರದಲ್ಲಿ ಕಪ್ಪಾಗಿ ಕಂಡದ್ದು ನಾಶವೇ ಆಗಿತ್ತೆ?

ಕಾಂತೀಯ ಅನುರಣನ ಚಿತ್ರಣ, ಅಂದರೆ ಎಂ.ಆರ್.ಐ., ಈ ಪ್ರಶ್ನೆಯನ್ನು ಸೂಕ್ಷ್ಮಗೊಳಿಸಿತು. 1983ರಲ್ಲಿ ಲಂಡನ್ನಿನ ತಂಡವೊಂದು ವಿಲ್ಸನ್ ರೋಗದಲ್ಲಿ ಅದರ ಬಳಕೆಯನ್ನು ಮೊದಲು ವರದಿ ಮಾಡಿತು. 1985ರಲ್ಲಿ ಐಸನ್ ಮತ್ತು ಸಂಗಡಿಗರು ಅಮೆರಿಕದಿಂದ ವಿವರವಾದ ಬರಹ ಪ್ರಕಟಿಸಿದರು. ಎಂ.ಆರ್.ಐ. ಮೂಲತಃ ಅಂಗಾಂಶದಲ್ಲಿರುವ ನೀರಿನ ಸ್ಥಿತಿಯನ್ನು ಓದುತ್ತದೆ. ‘ಟಿ2’ ಎಂಬ ಬಗೆಯ ಚಿತ್ರದಲ್ಲಿ ನೀರು ತುಂಬಿದ, ಊದಿಕೊಂಡ ಅಥವಾ ಮೈಲಿನ್ ಹೊದಿಕೆ ಕಳೆದುಕೊಂಡ ಭಾಗ ಬೆಳ್ಳಗೆ ಹೊಳೆಯುತ್ತದೆ. ಲೋಹ ಶೇಖರವಾದ ಭಾಗ ಕಪ್ಪಾಗುತ್ತದೆ. ವಿಲ್ಸನ್ ರೋಗದ ವಯಸ್ಕರಲ್ಲಿ ಎರಡೂ ಅಕ್ಕಪಕ್ಕದಲ್ಲಿ ಕಾಣುತ್ತವೆ: ಪುಟಮೆನ್‌ನ ಹೊರ ಅಂಚು, ಕಾಡೇಟ್, ಥಲಮಸ್, ಮಧ್ಯಮಿದುಳು, ಪಾನ್ಸ್‌ಗಳಲ್ಲಿ ಸಮಮಿತಿಯ ಬಿಳುಪು, ಗ್ಲೋಬಸ್ ಪ್ಯಾಲಿಡಸ್ ಮತ್ತು ಪುಟಮೆನ್‌ನ ಕೆಲ ಭಾಗಗಳಲ್ಲಿ ಕಪ್ಪು. ಮಿಷಿಗನ್ನಿನಲ್ಲಿ 31 ರೋಗಿಗಳನ್ನು ಕುರಿತು 1987ರಲ್ಲಿ ಪ್ರಕಟವಾದ ಅಧ್ಯಯನವು ಅಂಗಗಳ ಸೆಟೆತ ಮತ್ತು ಚಲನೆಯ ನಿಧಾನಗಳು ಪುಟಮೆನ್‌ನ ಗಾಯಗಳೊಡನೆ ಹೊಂದಿಕೊಳ್ಳುತ್ತವೆಂದು ತೋರಿಸಿತು. ಈ ಮಟ್ಟಿಗೆ ವಿಲ್ಸನ್ ಸಮರ್ಥನೆ ಪಡೆದರು.

1991ರಲ್ಲಿ ಜಪಾನಿನ ಹಿತೋಶಿ, ಇವಾತಾ ಮತ್ತು ಯೋಶಿಕಾವಾ ಮೂವರು ರೋಗಿಗಳ ಮಧ್ಯಮಿದುಳಿನ ಅಡ್ಡಚಿತ್ರದಲ್ಲಿ ಒಂದು ಆಕೃತಿಯನ್ನು ಕಂಡರು. ಟೆಗ್ಮೆಂಟಮ್ ಬೆಳ್ಳಗಾಗಿರುವಾಗ ಅದರ ನಡುವೆ ಕಪ್ಪಾಗಿ ಉಳಿದ ಕೆಂಪುಕೇಂದ್ರಗಳು ಎರಡು ಕಣ್ಣು. ಸಬ್‌ಸ್ಟಾನ್ಷಿಯಾ ನೈಗ್ರಾದ ಪಾರ್ಶ್ವಭಾಗ ಎರಡು ಕಿವಿ. ಕಪ್ಪಾದ ಮೇಲಣ ಕಾಲಿಕ್ಯುಲಸ್ ಗಲ್ಲ. ಒಟ್ಟಾಗಿ ದೈತ್ಯ ಪಾಂಡಾದ ಮುಖ. ಟೋಕಿಯೋದ ಉಏನೋ ಮೃಗಾಲಯಕ್ಕೆ 1972ರಲ್ಲಿ ಪಾಂಡಾ ಜೋಡಿ ಬಂದಂದಿನಿಂದ ಜಪಾನಿನ ಮನೆಮನೆಗೂ ಪರಿಚಿತವಾಗಿದ್ದ ಮುಖವದು. 2003ರಲ್ಲಿ ಅಮೆರಿಕದ ಜೇಕಬ್ಸ್ ಮತ್ತು ಸಂಗಡಿಗರು ಪಾನ್ಸ್‌ನಲ್ಲಿ ಇನ್ನೊಂದು ಪುಟ್ಟ ಪಾಂಡಾ ಮುಖವನ್ನು ಗುರುತಿಸಿ ‘ಜೋಡಿ ಪಾಂಡಾ’ ಎಂದರು. ಕಣ್ಣಿಗೆ ಕಟ್ಟುವ ಹೆಸರಿಗೆ ವೈದ್ಯಶಾಸ್ತ್ರದಲ್ಲಿ ವಿಶೇಷ ಬಲವಿದೆ. ಪಠ್ಯಪುಸ್ತಕಗಳಲ್ಲಿ, ಸ್ನಾತಕೋತ್ತರ ಪರೀಕ್ಷೆಗಳಲ್ಲಿ ಪಾಂಡಾ ಮುಖವೇ ವಿಲ್ಸನ್ ರೋಗದ ಲಾಂಛನವಾಯಿತು. ಲಾಂಛನವಾದದ್ದು ಸಾಮಾನ್ಯವೂ ಆಗಿರಬೇಕಿಲ್ಲ ಎಂಬುದು ತಿಳಿಯಲು ಹೆಚ್ಚು ರೋಗಿಗಳನ್ನು ಎಣಿಸಬೇಕಾಯಿತು.

ಆ ಎಣಿಕೆಯ ಗಣನೀಯ ಭಾಗ ನಡೆದದ್ದು ಬೆಂಗಳೂರಿನಲ್ಲಿ. ಭಾರತದಲ್ಲಿ ಈ ರೋಗದ ವ್ಯವಸ್ಥಿತ ಅಧ್ಯಯನ ಮುಂಬಯಿಯ ದಸ್ತೂರ್, ಮಂಘಾನಿ ಮತ್ತು ವಾಡಿಯಾ ಅವರು 1968ರಲ್ಲಿ ಪ್ರಕಟಿಸಿದ 16 ಕುಟುಂಬಗಳ ವರದಿಯಿಂದ ಗುರುತಿಸಲ್ಪಡುತ್ತದೆ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರಲ್ಲಿ ಒಂದಾಗಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಮೂರು ದಶಕಗಳ ಅವಧಿಯಲ್ಲಿ ಪರೀಕ್ಷಿಸಲಾದ 282 ರೋಗಿಗಳ ವಿವರವನ್ನು ಎ. ಬಿ. ತಾಳಿ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದರು. ಅಪರೂಪದ ರೋಗವೊಂದಕ್ಕೆ ಇದು ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಒಂದು. ಸುಮಾರು 30,000 ಜನರಲ್ಲಿ ಒಬ್ಬರಿಗೆ ಎಂಬ ಅಂದಾಜು ಬಹುಕಾಲದಿಂದ ಬಳಕೆಯಲ್ಲಿದೆ. ಆ 282 ಜನರಲ್ಲಿ ಶೇ. 69ರಷ್ಟು ಮಂದಿ ನರಸಂಬಂಧಿ ಲಕ್ಷಣಗಳಿಂದಲೇ ಬಂದವರು. ನಿಮ್ಹಾನ್ಸ್ ನರರೋಗಗಳ ಸಂಸ್ಥೆಯಾದ್ದರಿಂದ ಇದು ಸಹಜ. ಪಿತ್ತಜನಕಾಂಗದ ತೊಂದರೆಯಿರುವವರು ಬೇರೆ ಬಾಗಿಲು ತಟ್ಟುತ್ತಾರೆ. ದಕ್ಷಿಣ ಭಾರತದಲ್ಲಿ ಸೋದರಮಾವ, ಸೋದರತ್ತೆಯ ಕಡೆಯ ವಿವಾಹಗಳು ರೂಢಿಯಲ್ಲಿರುವುದು ಅಪ್ರಬಲ ರೋಗಗಳು ಒಂದೇ ಮನೆಯಲ್ಲಿ ಮರುಕಳಿಸುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದೂ ಈ ಸಂದರ್ಭದಲ್ಲಿ ನೆನೆಯಬೇಕಾದದ್ದು.

ಅದೇ ಸಂಸ್ಥೆಯ ಸಿನ್ಹಾ, ತಾಳಿ ಮತ್ತು ಸಂಗಡಿಗರು 2006ರಲ್ಲಿ 100 ರೋಗಿಗಳ ಎಂ.ಆರ್.ಐ. ಚಿತ್ರಗಳನ್ನು ವಿವರಿಸಿದರು. ಹದಿಹರೆಯದವರೂ ಯುವ ವಯಸ್ಕರೂ ಸೇರಿದ್ದ ಈ ಗುಂಪಿನಲ್ಲಿ ಸಂಕೇತದ ವ್ಯತ್ಯಯ ಪುಟಮೆನ್‌ನಲ್ಲಿ ಶೇ. 72, ಕಾಡೇಟ್‌ನಲ್ಲಿ ಶೇ. 61, ಥಲಮಸ್‌ನಲ್ಲಿ ಶೇ. 58, ಮಧ್ಯಮಿದುಳಿನಲ್ಲಿ ಶೇ. 49, ದೊಡ್ಡಮಿದುಳಿನ ಬಿಳಿದ್ರವ್ಯದಲ್ಲಿ ಶೇ. 25 ಮಂದಿಯಲ್ಲಿ ಕಂಡಿತು. ದೊಡ್ಡಮಿದುಳು ಕುಗ್ಗಿದ್ದದ್ದು ಶೇ. 70 ಮಂದಿಯಲ್ಲಿ, ಮಿದುಳುಕಾಂಡ ಕುಗ್ಗಿದ್ದದ್ದು ಶೇ. 66 ಮಂದಿಯಲ್ಲಿ. ಪಾಂಡಾ ಮುಖ? ಕೇವಲ ಶೇ. 12. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ವಿಲ್ಸನ್ನರ ಎರಡನೆಯ ಪದವನ್ನು ಓದಿದರೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ. ಪುಟಮೆನ್ ಮೊದಲ ಸ್ಥಾನವನ್ನು ಉಳಿಸಿಕೊಂಡಿದೆ. ಆದರೆ ರೋಗ ಅದರ ಗಡಿಯೊಳಗೆ ನಿಂತಿಲ್ಲ. ಥಲಮಸ್ ಮತ್ತು ಮಧ್ಯಮಿದುಳುಗಳನ್ನು ಬಿಟ್ಟು ಈ ರೋಗವನ್ನು ವಿವರಿಸುವುದು ಇಂದು ಸಾಧ್ಯವಿಲ್ಲ.

ಇನ್ನೂ ಕುತೂಹಲಕರವಾದದ್ದು ಅದೇ ತಂಡದ 2010ರ ಅಧ್ಯಯನ. ಚಿಕ್ಕ ವಯಸ್ಸಿನಲ್ಲೇ ಆರಂಭವಾಗುವ ಇತರ ಚಲನಾದೋಷ ರೋಗಗಳಿಂದ ವಿಲ್ಸನ್ ರೋಗವನ್ನು ಎಂ.ಆರ್.ಐ. ಬೇರ್ಪಡಿಸಬಲ್ಲುದೇ ಎಂಬುದು ಅದರ ಪ್ರಶ್ನೆ. ಒಟ್ಟು 100 ಪ್ರಕರಣಗಳು. ವಿಲ್ಸನ್ ರೋಗಿಗಳಲ್ಲಿ ಪಾಂಡಾ ಮುಖ ಕಂಡದ್ದು ಶೇ. 14ರಷ್ಟರಲ್ಲಿ. ಮಧ್ಯಮಿದುಳಿನ ಹಿಂಬದಿಯ ಟೆಕ್ಟಲ್ ಫಲಕದ ಬಿಳುಪು ಕಂಡದ್ದು ಶೇ. 75ರಷ್ಟರಲ್ಲಿ. ಹೋಲಿಕೆಗೆ ತೆಗೆದುಕೊಂಡ ಇತರ ರೋಗಗಳಲ್ಲಿ ಇವೆರಡೂ ಕಾಣಲಿಲ್ಲ. ಅಂದರೆ ಪ್ರಾಣಿಯ ಹೆಸರಿಲ್ಲದ, ಯಾರ ಬಾಯಲ್ಲೂ ಇಲ್ಲದ ಒಂದು ಚಿಹ್ನೆ ಪ್ರಸಿದ್ಧ ಚಿಹ್ನೆಗಿಂತ ಐದು ಪಟ್ಟು ಹೆಚ್ಚು ಉಪಯುಕ್ತವಾಗಿತ್ತು. ಪಾಂಡಾ ಕಾಣಲಿಲ್ಲವೆಂದು ವಿಲ್ಸನ್ ರೋಗವನ್ನು ತಳ್ಳಿಹಾಕುವ ವೈದ್ಯ ಏಳು ರೋಗಿಗಳಲ್ಲಿ ಆರು ಮಂದಿಯನ್ನು ಕೈಬಿಟ್ಟಂತಾಗುತ್ತದೆ. ಚಿಕಿತ್ಸೆಯಿರುವ ಬೆರಳೆಣಿಕೆಯ ಆನುವಂಶಿಕ ನರರೋಗಗಳಲ್ಲಿ ಇದೂ ಒಂದಾದ್ದರಿಂದ, ಹೀಗೆ ಕೈಬಿಡುವುದರ ಬೆಲೆ ದೊಡ್ಡದು. ವಯಸ್ಸಿನ ಕಾರಣಕ್ಕೆ ತಳ್ಳಿಹಾಕುವುದೂ ಅಷ್ಟೇ ಅಪಾಯಕಾರಿ. ಎಪ್ಪತ್ತು ದಾಟಿದ ಒಡಹುಟ್ಟಿದವರಿಬ್ಬರಲ್ಲಿ ರೋಗ ಪತ್ತೆಯಾದುದನ್ನು 2005ರ ಒಂದು ವರದಿ ದಾಖಲಿಸಿದೆ.

ಇನ್ನು ‘ಪ್ರೊಗ್ರೆಸಿವ್’ ಎಂಬ ಮೊದಲ ಪದ. ತಾಮ್ರವನ್ನು ಹೊರಹಾಕುವ ಚಿಕಿತ್ಸೆಯಲ್ಲಿದ್ದ 50 ರೋಗಿಗಳ ಚಿತ್ರಗಳನ್ನು ನಿಮ್ಹಾನ್ಸ್ ತಂಡ ಅಂತರ ಬಿಟ್ಟು ಮರುಪರೀಕ್ಷಿಸಿ 2007ರಲ್ಲಿ ವರದಿ ಮಾಡಿತು. 35 ಮಂದಿಯ ಚಿತ್ರ ಸುಧಾರಿಸಿತ್ತು, 10 ಮಂದಿಯಲ್ಲಿ ಹೆಚ್ಚಿನ ಬದಲಾವಣೆಯಿರಲಿಲ್ಲ, 4 ಮಂದಿಯಲ್ಲಿ ಹದಗೆಟ್ಟಿತ್ತು. ಬಿಳುಪಿನ ದೊಡ್ಡ ಪಾಲು ಊತ ಮತ್ತು ಹಿಂಜರಿಯಬಲ್ಲ ಹಾನಿಯೇ ಹೊರತು ಸತ್ತ ಅಂಗಾಂಶವಲ್ಲವೆಂಬುದಕ್ಕೆ ಇದು ಪ್ರಬಲ ಸಾಕ್ಷ್ಯ. ‘ಡಿಜೆನರೇಷನ್’ ಎಂಬ ಮೂರನೆಯ ಪದಕ್ಕೂ ಇಲ್ಲೇ ಮಿತಿ ಬಿತ್ತು; ವಿಷ ತಗಲಿದ ಅಂಗಾಂಶ ಮತ್ತು ಅವನತಿ ಹೊಂದಿದ ಅಂಗಾಂಶ ಒಂದೇ ಅಲ್ಲ. ಆದರೆ ಹದಗೆಟ್ಟ ನಾಲ್ವರನ್ನೂ ಬದಲಾಗದ ಹತ್ತು ಮಂದಿಯನ್ನೂ ಲೆಕ್ಕದಿಂದ ಬಿಡಲಾಗದು. ಪೆನಿಸಿಲಮೈನ್ ಆರಂಭಿಸಿದ ಮೊದಲ ವಾರಗಳಲ್ಲಿ ಕೆಲವರ ನರಲಕ್ಷಣಗಳು ಇನ್ನಷ್ಟು ಕೆಡುತ್ತವೆಂಬುದನ್ನು ಬ್ರೂವರ್ ಮತ್ತು ಸಂಗಡಿಗರು 1987ರಲ್ಲೇ ಎತ್ತಿ ತೋರಿಸಿದ್ದರು. ಯಾವ ಔಷಧದಿಂದ ಆರಂಭಿಸಬೇಕೆಂಬ ಚರ್ಚೆ ಆ ಕಾರಣದಿಂದಲೇ ಇನ್ನೂ ಮುಗಿದಿಲ್ಲ. ಮರಳಬಲ್ಲ ಹಾನಿ ಮತ್ತು ಮರಳಲಾರದ ಹಾನಿಗಳನ್ನು ಒಂದೇ ಚಿತ್ರದಲ್ಲಿ ಬೇರೆಬೇರೆಯಾಗಿ ಅಳೆಯುವ ಮಾನದಂಡವೊಂದನ್ನು 2020ರಲ್ಲಿ ದೂಶೆಕ್ ಮತ್ತು ಸಂಗಡಿಗರು ಪ್ರಕಟಿಸಿದರು. ಬಿಳುಪು ಅದರಲ್ಲಿ ತೀವ್ರ ವಿಷಪರಿಣಾಮದ ಅಂಕ; ಕುಗ್ಗುವಿಕೆ ಮತ್ತು ಕಪ್ಪು ದೀರ್ಘಕಾಲಿಕ ಹಾನಿಯ ಅಂಕ.

ಆ ಕಪ್ಪು ಏನು ಎಂಬ ಪ್ರಶ್ನೆಯ ಉತ್ತರ ಅನಿರೀಕ್ಷಿತವಾಗಿತ್ತು. ತಾಮ್ರದ ರೋಗದಲ್ಲಿ ಕಾಣುವ ಲೋಹದ ನೆರಳು ತಾಮ್ರದ್ದೇ ಇರಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಮೃತರ ಮಿದುಳುಗಳನ್ನು 7 ಟೆಸ್ಲಾ ಸಾಮರ್ಥ್ಯದ ಯಂತ್ರದಲ್ಲಿ ಚಿತ್ರಿಸಿ, ಅದೇ ಭಾಗಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ 2017ರ ಅಧ್ಯಯನವು ಕಪ್ಪಿಗೆ ಮುಖ್ಯ ಕಾರಣ ಕಬ್ಬಿಣವೆಂದು ತೋರಿಸಿತು. ಅದು ಶೇಖರವಾಗಿದ್ದದ್ದು ಹಾನಿಗೊಂಡ ಅಂಗಾಂಶವನ್ನು ತೆರವು ಮಾಡಲು ಬಂದ ಕೋಶಗಳಲ್ಲಿ. ‘ಟಿ1’ ಬಗೆಯ ಚಿತ್ರದಲ್ಲಿ ಗ್ಲೋಬಸ್ ಪ್ಯಾಲಿಡಸ್ ಹೊಳೆಯುವುದಕ್ಕೆ ಕಾರಣ ಮತ್ತೊಂದು ಲೋಹ, ಮ್ಯಾಂಗನೀಸ್. ಸಿರೋಸಿಸ್‌ನಿಂದ ಕೆಟ್ಟ ಪಿತ್ತಜನಕಾಂಗ ಅದನ್ನು ಹೊರಹಾಕಲಾರದಾಗ ಅದು ಅಲ್ಲಿ ಸೇರುತ್ತದೆ. ಬೇರಾವುದೇ ಕಾರಣದ ಸಿರೋಸಿಸ್‌ನಲ್ಲೂ ಹೀಗೆಯೇ. ಹೀಗೆ ಮಸೂರಕೇಂದ್ರವೊಂದರಲ್ಲೇ ಮಿದುಳಿನ ರೋಗವೂ ಪಿತ್ತಜನಕಾಂಗದ ರೋಗವೂ ಬೇರೆಬೇರೆ ಲೋಹಗಳ ಮೂಲಕ ತಮ್ಮ ಗುರುತು ಬಿಡುತ್ತವೆ. ಎರಡು ಅಂಗಗಳನ್ನೂ ಒಂದೇ ನೋಟದಲ್ಲಿ ಹಿಡಿದ ವಿಲ್ಸನ್ನರ ಮೂಲ ಒಳನೋಟಕ್ಕೆ ಅವರು ಕಲ್ಪಿಸಲಾರದಿದ್ದ ಕಡೆಯಿಂದ ಇದು ಪುಷ್ಟಿ ಕೊಡುತ್ತದೆ.

ಚಿತ್ರಣದ ಸ್ಥಾನವನ್ನು ಅತಿಶಯಿಸಬೇಕಾಗಿಲ್ಲ. ರೋಗನಿರ್ಣಯ ಇಂದಿಗೂ ನಿಂತಿರುವುದು ಸ್ಲಿಟ್ ಲ್ಯಾಂಪ್‌ನಲ್ಲಿ ಕಾಣುವ ಕಣ್ಣಿನ ಉಂಗುರ, ರಕ್ತದ ಸೆರುಲೋಪ್ಲಾಸ್ಮಿನ್, ಇಪ್ಪತ್ತನಾಲ್ಕು ಗಂಟೆಗಳ ಮೂತ್ರದ ತಾಮ್ರ ಮತ್ತು ಅಗತ್ಯವಿದ್ದಲ್ಲಿ ವಂಶವಾಹಿ ಪರೀಕ್ಷೆಗಳ ಮೇಲೆ. ಮೊದಲ ಮೂರು ಎಂ.ಆರ್.ಐ.ಗಿಂತ ಅಗ್ಗ. ರೋಗಿಯ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ರೋಗವಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಲಕ್ಷಣಗಳಿಲ್ಲದ ಅವರ ಮಿದುಳಿನ ಚಿತ್ರ ಸಹಜವಾಗಿದ್ದರೂ ರಕ್ತ ಮತ್ತು ಮೂತ್ರದ ಪರೀಕ್ಷೆಗಳನ್ನು ಬಿಡುವ ಹಾಗಿಲ್ಲ. ಚಿಕಿತ್ಸೆಯಿಂದ ಚಿತ್ರ ತಿಳಿಯಾದವರಿಗೂ ಔಷಧ ಜೀವನಪರ್ಯಂತ ಬೇಕು. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದವರು ಎದುರಿಸುವ ಅಪಾಯವನ್ನು ವಾಲ್ಷ್ ಮತ್ತು ಡಿಕ್ಸನ್ 1986ರಲ್ಲಿ ವಿವರವಾಗಿ ದಾಖಲಿಸಿದ್ದಾರೆ. ವಿಲ್ಸನ್ನರ ಮೊದಲ ಪದ ಅಂಥ ರೋಗಿಗಳ ವಿಷಯದಲ್ಲಿ 1912ರಲ್ಲಿದ್ದಂತೆಯೇ ಇಂದೂ ಅನ್ವಯಿಸುತ್ತದೆ.